ರೋಗದ ಹೆಸರು ಇನ್ನೂ ಗೊತ್ತಾಗಿಲ್ಲ, ಬ್ಲೌಸ್ ಹೊಲಿಯೋದು ನಿಂತಿಲ್ಲ

ನಾನು ಕಲಬುರ್ಗ್ಯಾಗ ಮನ್ಯಾಗೇ ಲೇಡೀಸ್ ಟೇಲರಿಂಗ್ ಮಾಡ್ತೀನಿ. ಬ್ಲೌಸು, ಚೂಡಿದಾರು, ಫಾಲ್, ಪಿಕೋ, ಲಗ್ನದ ಸೀಸನ್ ಬಂತಂದ್ರ ರಾತ್ರಿ ತನಕ ಕೆಲಸ. ಕೆಲವು ವರ್ಷದಿಂದ ನನ್ನ ಎರಡೂ ಕಾಲು ಬಿಗಿ ಹಿಡಿತಾವ, ಬಲಗಾಲು ಜಾಸ್ತಿ, ಮೊಣಕಾಲಿಗಿ ಸಣ್ಣ ಏಟು ಬಿದ್ರೂ ಒದ್ದಂಗ ಹಾರ್ತದ, ಬಲಗೈ ಬೆರಳು ಮೊದಲಿನಷ್ಟು ಚುರುಕಿಲ್ಲ. ಇದಕ್ಕ ಇನ್ನೂ ಯಾವ ಡಾಕ್ಟರೂ ಒಂದು ಹೆಸರು ಬರ್ದು ಕೊಟ್ಟಿಲ್ಲ. ಫೈಲಿನಾಗ ಅಪ್ಪರ್ ಮೋಟಾರ್ ನ್ಯೂರಾನ್ ಸಿಂಡ್ರೋಮ್ (ಮಿದುಳಿಂದ ಇಳಿಯೋ ನರದ ತ್ರಾಸು), ಕಾರಣ ಹುಡುಕಲಿಕತ್ತೇವಿ ಅನ್ನೋ ಅರ್ಥದ ಒಂದು ಸಾಲು ಅದ, ಅಷ್ಟೇ. ಹೆಸರು ಸಿಗೋ ತನಕ ಏನೂ ಮಾಡ್ಲಿಕ್ಕೆ ಬರಂಗಿಲ್ಲ ಅಂತ ಕೈ ಕಟಗೊಂಡು ಕುಂತವರು ಭಾಳ ಮಂದಿ ಇದ್ದೀರಿ, ನಾ ಹೆಂಗ ನಡಿಸಲಿಕತ್ತೀನಿ ಅಂತ ಬರೀತೀನಿ, ನಿಮಗ ಏನರೆ ಉಪಯೋಗ ಆದ್ರ ನೋಡ್ರಿ.

ಮೊದಲು ಸುಳಿವು ಕೊಟ್ಟಿದ್ದು ಚಪ್ಪಲಿ. ಬಲಗಾಲ ಚಪ್ಪಲಿ ಮುಂದಿನ ಅಂಚು ಸವದು ಹೋಗ್ತಿತ್ತು, ಎಡಗಾಲಿಂದು ಹೊಸಾದು ಇದ್ದಂಗೇ ಇರ್ತಿತ್ತು. ಸೂಪರ್ ಮಾರ್ಕೆಟ್ ಕಡಿ ಚಪ್ಪಲಿ ಹೊಲಿಯೋ ಕಾಕಾನೇ "ಏನವ್ವಾ ತಂಗಿ, ಕಾಲು ಎಳದು ನಡೀತಿ ಏನು" ಅಂತ ಕೇಳಿದ್ರು. ಆಮ್ಯಾಲ ಮಷೀನಿನ ಮ್ಯಾಲ ಶುರು ಆಯ್ತು. ಮೋಟಾರಿನ ಪೆಡಲ್ ಮ್ಯಾಲ ಮುಂಗಾಲು ಇಟ್ಟು ಒತ್ತಿದ್ರ ಹಿಮ್ಮಡಿ ತಂತಾನೇ ಟಕ ಟಕ ಟಕ ಅಂತ ಕುಣೀತಿತ್ತು, ನಾ ಕುಣಸ್ಲಿಕತ್ತಿಲ್ಲ, ನಿಲ್ಸಬೇಕಂದ್ರ ನಿಲ್ತಿದ್ದಿಲ್ಲ. ಮಷೀನು ಓಡಿ ನಿಂತು ಓಡಿ ನಿಂತು, ಸೀದಾ ಹೋಗಬೇಕಾದ ಹೊಲಿಗಿ ಒಂದು ಕಡಿ ಒತ್ತಾಗಿ ಒಂದು ಕಡಿ ಉದ್ದ ಉದ್ದ ಬೀಳ್ತಿತ್ತು. ಖಣದ ಬ್ಲೌಸಿನ ಕೊರಳಿಗಿ ಪೈಪಿಂಗ್ ಹಾಕುವಾಗ ಹಿಂಗಾದ್ರ ಬಿಚ್ಚೋದೇ ಒಂದು ಕೆಲಸ, ಖಣ ಭಾಳ ಸಲ ಬಿಚ್ಚಿದ್ರ ಎಳಿ ಜರೀತಾವ.

ಇದಕ್ಕ ಕ್ಲೋನಸ್ ಅಂತಾರ. ಮೀನಖಂಡದ ಸ್ನಾಯು ಒಮ್ಮೆಲೆ ಜಗ್ಗಿತಂದ್ರ ಬೆನ್ನುಹುರಿಗಿ ಸುದ್ದಿ ಹೋಗ್ತದ, ಬೆನ್ನುಹುರಿ ಮಿದುಳನ್ನ ಕೇಳದೇ ಬಿಗಿ ಆಗು ಅಂತ ವಾಪಸ್ ಹುಕುಂ ಕಳಿಸ್ತದ. ಇದು ಎಲ್ಲರ ಮೈಯಾಗೂ ಇರೋದೇ. ಮಿದುಳಿಂದ ಇಳಿಯೋ ನರ, ಅದೇ ಅಪ್ಪರ್ ಮೋಟಾರ್ ನ್ಯೂರಾನು, ಇದನ್ನ ಹದ್ದಿನಾಗ ಇಟ್ಟಿರ್ತದ. ಕ್ಲಚ್ ಮೋಟಾರಿನ ದೊಡ್ಡ ಮಷೀನು ನಡಿಸಿದವರಿಗಿ ಹೇಳೋದು ಸುಲಭ, ಆ ಮೋಟಾರು ಯಾವಾಗ್ಲೂ ತಿರುಗ್ತಾನೇ ಇರ್ತದ, ಬ್ರೇಕ್ ಪ್ಯಾಡ್ ಸವದ್ರ ಕಾಲು ತೆಗದ್ರೂ ಸೂಜಿ ನಿಲ್ಲಂಗಿಲ್ಲ. ನನ್ನ ಕಾಲಂದೂ ಅದೇ ಕತಿ. ಬಿಗಿ, ಸಡಲ, ಬಿಗಿ, ಸಡಲ, ಸೆಕೆಂಡಿಗಿ 5 ರಿಂದ 8 ಸಲ.

ಪೆಡಲಿಗಿ ಉಪಾಯ ಸಿಕ್ಕಿದ್ದು ಡಾಕ್ಟರಿಂದ ಅಲ್ಲ, ಫಿಸಿಯೋಥೆರಪಿ ಮಾಡೋ ಹುಡುಗಿಯಿಂದ. "ಅಕ್ಕಾ, ಮುಂಗಾಲಿನ ಮ್ಯಾಲ ಭಾರ ಬಿದ್ರೇನೇ ಕುಣೀತದ, ಹಿಮ್ಮಡಿ ಪೂರಾ ಊರಿ ಭಾರ ಹಾಕ್ರಿ, ನಿಲ್ತದ" ಅಂದ್ಳು. ಖರೇನೇ ನಿಲ್ತದ. ಅದಕ್ಕ ನಮ್ಮ ಮನಿಯವರು ಒಂದು ಹಲಗಿಗಿ ಪೆಡಲ್ ಉಲ್ಟಾ ತಿರುಗ್ಸಿ ಮೊಳಿ ಹೊಡದು ಕೊಟ್ರು, ಈಗ ಹಿಮ್ಮಡಿಯಿಂದ ಒತ್ತತೀನಿ, ಮುಂಗಾಲು ಬರೇ ಹಲಗಿ ಮ್ಯಾಲ ಮಲಗಿರ್ತದ. ಕಲಿಲಿಕ್ಕೆ ಟೈಮ್ ಹಿಡೀತು, ಮೊದಲು ಹಳೇ ಅರಬಿ ಮ್ಯಾಲ ಗೆರಿ ಹಾಕೊಂಡು ಗೆರಿ ಮ್ಯಾಲ ಹೊಲದು ಹೊಲದು ರೂಢಿ ಮಾಡಕೊಂಡೆ. ಹೊಸಾ ಮಷೀನು ತೊಗೊಳೋರು ಇದ್ರ ಸರ್ವೋ ಮೋಟಾರಿಂದು ನೋಡ್ರಿ, ಅದಕ್ಕ ಸ್ಪೀಡ್ ಕಮ್ಮಿ ಮಾಡೋ ಬಟನ್ ಇರ್ತದ, ಕಾಲು ಹಾರಿದ್ರೂ ಮಷೀನು ಮಿತಿ ಮೀರಿ ಓಡಂಗಿಲ್ಲ. ಕಾಲಿಂದ ತುಳಿಯೋ ಹಳೇ ಮಷೀನು ಮಾತ್ರ ನನಗ ಸಾಧ್ಯನೇ ಇಲ್ಲ.

ಇನ್ನ ಟೆಸ್ಟಿನ ಮಾತು. ಶುರುವಿನ್ಯಾಗ ಒಬ್ಬರು ಟೆನ್ಷನ್ ಅಂದ್ರು, ಇನ್ನೊಂದು ಕಡಿ ನರದ ಶಕ್ತಿಗಿ ಅಂತ ಬಾಟ್ಲಿ ಮ್ಯಾಲ ಬಾಟ್ಲಿ ಏರಿಸಿ ರೊಕ್ಕ ತೊಗೊಂಡ್ರು, ಅದು ಇರ್ಲಿ ಬಿಡ್ರಿ. ಕಾಲಿಂದು ತ್ರಾಸು ಅಂತ ಸೊಂಟದ ಎಂಆರ್‌ಐ ಮಾಡಿಸಿದ್ರು, ಡಿಸ್ಕ್ ಸ್ವಲ್ಪ ಉಬ್ಬ್ಯಾದ ಅಂತ ಬಂತು, ಎಲ್ಲರೂ ಅದನ್ನೇ ಹಿಡಕೊಂಡ್ರು. ಆದ್ರ ಬೆನ್ನುಹುರಿ ಸೊಂಟದ ಮ್ಯಾಲೇ ಮುಗೀತದ, ಮೊದಲನೇದೋ ಎರಡನೇದೋ ಸೊಂಟದ ಎಲುಬಿನ ಹತ್ರ, ಅದರ ಕೆಳಗ ಬರೇ ನರದ ಬೇರು. ಅಲ್ಲಿ ಡಿಸ್ಕ್ ಒತ್ತಿದ್ರ ರಿಫ್ಲೆಕ್ಸ್, ಅಂದ್ರ ಏಟು ಬಿದ್ರ ಕಾಲು ತಂತಾನೇ ಹಾರೋದು, ಕಮ್ಮಿ ಆಗಬೇಕು, ಜಾಸ್ತಿ ಆಗಬಾರ್ದು. ಕಾಲು ಬಿಗಿ, ರಿಫ್ಲೆಕ್ಸ್ ಜೋರ ಅದ ಅಂದ್ರ ಮೊದಲು ನೋಡಬೇಕಾದ್ದು ಕುತ್ತಿಗಿ, ಆಮ್ಯಾಲ ಬೆನ್ನು, ಮಿದುಳು. ಕುತ್ತಿಗಿ ನೋವೇ ಇಲ್ಲದೇ ಕುತ್ತಿಗ್ಯಾಗ ಬೆನ್ನುಹುರಿ ಒತ್ತಿರ್ತದ, ಅದು ಆಪರೇಷನ್ನಿಂದ ತಡಿಲಿಕ್ಕೆ ಬರೋ ಬ್ಯಾನಿ, ತಡಾ ಆದ್ರ ಹೋಗಿದ್ದು ವಾಪಸ್ ಬರೋದು ಕಷ್ಟ. ಇದೊಂದ್ ಮಾತು ದಪ್ಪ ಅಕ್ಷರದಾಗ ಬರ್ದಿಟ್ಟುಕೊಳ್ರಿ. ನನ್ನ ಕುತ್ತಿಗಿ ಸ್ವಚ್ಛ ಇತ್ತು.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗಿ, ಮಿದುಳು ನರದ ದೊಡ್ಡ ಆಸ್ಪತ್ರಿ ನಿಮ್ಹಾನ್ಸಿಗಿ ಹೋದ್ವಿ. ಅಲ್ಲಿ ಡಾಕ್ಟರ್ ಮಷೀನಿಗಿಂತ ಸುತ್ತಿಗಿ ಮ್ಯಾಲೇ ಜಾಸ್ತಿ ಹೊತ್ತು ಕಳದ್ರು. ರಿಫ್ಲೆಕ್ಸಿಗಿ 0 ಯಿಂದ 4 ರ ತನಕ ಮಾರ್ಕ್ಸ್ ಕೊಡ್ತಾರ, 2 ಅಂದ್ರ ನಾರ್ಮಲ್. ನನ್ನ ಮೊಣಕಾಲು 3, ಬಲಗಾಲ ಹಿಮ್ಮಡಿ 4. ನಡು ಬೆರಳಿನ ಉಗುರು ಚಿಟಕಿಸಿದ್ರು, ಹೆಬ್ಬೆರಳು ತಾನೇ ಒಳಗ ಮಡಚಿಕೊಂಡ್ತು. ಅಂಗಾಲಿನ ಹೊರಗಿನ ಅಂಚಿಗಿ ಕೀಲಿಕೈಯಿಂದ ಗೀರಿದ್ರು, ಕಾಲಿನ ಹೆಬ್ಬೆರಳು ಕೆಳಗ ಬಗ್ಗೋದು ಬಿಟ್ಟು ಮ್ಯಾಲ ಎದ್ತು. ಫ್ರಾನ್ಸಿನ ಬಾಬಿನ್ಸ್ಕಿ ಅನ್ನೋ ಡಾಕ್ಟರ್ 1896 ರಾಗ ಬರ್ದಿದ್ದ ಗುರುತು ಇದು, ಈಗಿನ ತನಕ ಇದರಷ್ಟು ಸಸ್ತಾ ಟೆಸ್ಟ್ ಇನ್ನೊಂದಿಲ್ಲ. ಹಸುಗೂಸಿಗಿ ಹಂಗ ಎದ್ರ ನಾರ್ಮಲ್ಲು, ನಮ್ಮಂಥ ದೊಡ್ಡವರಿಗಿ ಅಲ್ಲ. ಬರೇ ರಿಫ್ಲೆಕ್ಸ್ ಜೋರ ಅದ ಅಂತ ಹೆದರಬ್ಯಾಡ್ರಿ, ಗಾಬರಿ ಸ್ವಭಾವದವರಿಗಿ, ಥೈರಾಯ್ಡ್ ಜಾಸ್ತಿ ಇದ್ದವರಿಗಿ, ಸುಮ್ನೇ ಹುಟ್ಟಾ ಹಂಗ ಇದ್ದವರಿಗೂ ಜೋರ ಇರ್ತದ. ಎರಡೂ ಕಡಿ ಒಂದೇ ಸಮ ಇಲ್ಲ, ಕ್ಲೋನಸ್ ನಿಲ್ಲಂಗಿಲ್ಲ, ಹೆಬ್ಬೆರಳು ಮ್ಯಾಲ ಏಳ್ತದ, ಇವು ಕೂಡಿ ಬಂದಾಗ ಮಾತು ಬ್ಯಾರೆ.

ಅವರು ಕೇಳಿದ ಪ್ರಶ್ನಿ ಕೇಳಿ ನಮ್ಮ ಮನಿಯವರು ದಂಗು ಬಡದ್ರು. ಬ್ಯಾಳಿ ಯಾವುದು ತಿಂತೀರಿ ಅಂದ್ರು! ತೊಗರಿ ಕಣಜದವರಿಗಿ, 2019 ರಾಗ ನಮ್ಮ ತೊಗರಿಬ್ಯಾಳಿಗಿ ಜಿಐ ಟ್ಯಾಗ್ ಬಂದಾದ, ಅಂಥವರಿಗಿ ಈ ಪ್ರಶ್ನಿ. ಕೇಸರಿ ಬ್ಯಾಳಿ ಅಂತ ಒಂದು ಅದ, ನೋಡ್ಲಿಕ್ಕೆ ತೊಗರಿ ಹಂಗೇ, ಕಲಬೆರಕಿ ಮಾಡ್ತಾರ, ತಿಂಗಳಗಟ್ಲೆ ಅದನ್ನೇ ಮುಖ್ಯ ಊಟ ಮಾಡಿದ್ರ ಕಾಲು ಕತ್ತರಿಯಂಗ ಬಿಗಿ ಆಗ್ತಾವ, 1961 ರಾಗೇ ಅದರ ಮಾರಾಟಕ್ಕ ಬಂದಿ ಹಾಕಿದ್ರು. ಆಮ್ಯಾಲ ನೀರು. ನನ್ನ ತವರುಮನಿ ಯಾದಗಿರಿ ಕಡಿ, ಆ ಭಾಗದ ಕೆಲವು ಊರಿನ ಬೋರಿನ ನೀರಿನ್ಯಾಗ ಫ್ಲೋರೈಡ್ ಜಾಸ್ತಿ, ವರ್ಷಗಟ್ಲೆ ಕುಡದ್ರ ಎಲುಬು ಬೆಳದು ಬೆನ್ನುಹುರಿ ಒತ್ತತದ. ಆಮ್ಯಾಲ ಸೋದರಿಕಿ. ನಮ್ಮ ಅವ್ವಗ ತನ್ನ ಸ್ವಂತ ಸೋದರಮಾವನೇ ಗಂಡ, ನಮ್ಮ ಕಡಿ ಇದೇನು ದೊಡ್ಡ ಮಾತಲ್ಲ, ಆದ್ರ ಹೆರೆಡಿಟರಿ ಸ್ಪಾಸ್ಟಿಕ್ ಪ್ಯಾರಾಪ್ಲೀಜಿಯಾ ಅನ್ನೋ, ವಂಶದಾಗ ಬಂದು ಕಾಲು ಬಿಗಿ ಮಾಡೋ ಬ್ಯಾನಿಯ ಕೆಲವು ತರ ಇಂಥ ಮನಿತನದಾಗೇ ಹೊರಗ ಬೀಳ್ತಾವಂತ. ಅದರ ರಕ್ತದ ಜೀನ್ ಟೆಸ್ಟ್ ಆಗ್ಯಾದ, ಏನೂ ಸಿಕ್ಕಿಲ್ಲ, ಸಿಕ್ಕಿಲ್ಲ ಅಂದ್ರ ಇಲ್ಲೇ ಇಲ್ಲ ಅಂತಲ್ಲ ಅಂತ ಮೊದಲೇ ಹೇಳಿದ್ರು. ವಿಟಮಿನ್ ಬಿ12 ಕಮ್ಮಿ ಬಂತು, ಶಾಕಾಹಾರಿ ಮನಿ ನಮ್ದು, ಇಂಜೆಕ್ಷನ್ ತೊಗೊಂಡೆ, ನಂಬರ್ ಏರ್ತು, ಕಾಲು ಮಾತ್ರ ಅಲ್ಲೇ. ಆದ್ರೂ ಬಿ12 ಎಲ್ಲರೂ ನೋಡಿಸ್ರಿ, ಬೇಗ ಹಿಡದ್ರ ಭಾಳಷ್ಟು ಗುಣ ಆಗೋ ಕಾರಣ ಅದು. ತಾಮ್ರ, ಥೈರಾಯ್ಡ್, ಎಚ್‌ಐವಿ, ವಿಡಿಆರ್‌ಎಲ್ ಅನ್ನೋ ಸಿಫಿಲಿಸ್ ಪರೀಕ್ಷಾ, ಎಲ್ಲಾ ಸರಿ ಅದ.

ಇಎಂಜಿ ಬಗ್ಗೆ ಒಂದು ಮಾತು ಯಾರೂ ಬಿಡಿಸಿ ಹೇಳಂಗಿಲ್ಲ. ಸ್ನಾಯಿನಾಗ ಸೂಜಿ ಚುಚ್ಚಿ ನೋಡ್ತಾರಲ್ಲ, ಅದು ಬೆನ್ನುಹುರಿಯಿಂದ ಸ್ನಾಯಿಗಿ ಹೋಗೋ ಲೋವರ್ ಮೋಟಾರ್ ನ್ಯೂರಾನಿನ ಪರೀಕ್ಷಾ. ಮ್ಯಾಲಿನ ನರದ ಬಗ್ಗೆ ಅದು ಹೇಳಂಗಿಲ್ಲ. ಅದಕ್ಕ ಇಎಂಜಿ ನಾರ್ಮಲ್ ಅಂದ ತಕ್ಷಣ ನಿಮಗೇನೂ ಆಗಿಲ್ಲ ಅನ್ನೋದು ತಪ್ಪು, ರಿಫ್ಲೆಕ್ಸ್ ಜೋರ ಅದ ಅಂದ ತಕ್ಷಣ ಎಎಲ್‌ಎಸ್ ಅನ್ನೋದೂ ತಪ್ಪು. ಎಎಲ್‌ಎಸ್ ಒಳಗ ಮ್ಯಾಲಿನದು ಕೆಳಗಿನದು ಎರಡೂ ನರ ಸಾಯ್ತಾವ, ಸ್ನಾಯು ಕರಗ್ತಾವ. ನನಗ ಸದ್ಯ ಮ್ಯಾಲಿಂದಷ್ಟೇ. ಬರೇ ಮ್ಯಾಲಿನದೇ ಉಳಕೊಂಡ್ರ ಪ್ರೈಮರಿ ಲ್ಯಾಟರಲ್ ಸ್ಕ್ಲೆರೋಸಿಸ್ ಅಂತಾರ, ಅದು ನಿಧಾನದ್ದು, ಆದ್ರ 2020 ರ ನಿಯಮದ ಪ್ರಕಾರ ಶುರು ಆಗಿ 2 ವರ್ಷ ಆಗೋ ತನಕ ಆ ಹೆಸರೇ ಹಚ್ಚಂಗಿಲ್ಲ, 4 ವರ್ಷ ದಾಟಿದ ಮ್ಯಾಲೇ ಪಕ್ಕಾ ಅಂತಾರ. ಅಂದ್ರ ಕಾಯೋದೂ ಒಂದು ಟೆಸ್ಟೇ. ಇದು ತಿಳದ ಮ್ಯಾಲ ಊರೂರು ಡಾಕ್ಟರ್ ಬದಲ್ಸೋದು ಬಿಟ್ಟೆ, ಒಬ್ಬರ ಹತ್ರನೇ ಆರು ತಿಂಗಳಿಗೊಮ್ಮೆ ತೋರಸ್ತೀನಿ, ಹೋದ ಸಲದ ಕಾಲಿಗೂ ಈ ಸಲದ ಕಾಲಿಗೂ ಫರಕು ಅವರಿಗೇ ಕಾಣಬೇಕು.

ಹೆಸರಿಲ್ಲಂದ್ರೂ ಬಿಗಿಗಿ ಔಷಧ ಅದ. ಬ್ಯಾಕ್ಲೋಫೆನ್ 5 ಎಂಜಿಯಿಂದ ಶುರು ಮಾಡಿ ನಿಧಾನ ಏರಿಸಿದ್ರು. ಇದರಾಗ ಒಂದು ಪೇಚು ಅದ, ನನ್ನ ಕಾಲು ನಿಲ್ಲೋದೇ ಆ ಬಿಗಿಯಿಂದ. ಡೋಸ್ ಜಾಸ್ತಿ ಆದ ಕೂಡ್ಲೇ ಬಿಗಿ ಹೋಯ್ತು, ಕಾಲೂ ಹೋಯ್ತು, ಕಟಿಂಗ್ ಟೇಬಲ್ ಹಿಡಕೊಂಡು ಹಂಗೇ ಕುಸದು ಕುಂತೆ. ಡಾಕ್ಟರಿಗಿ ಹೇಳಿದೆ, ನಾ ಕಟಿಂಗ್ ನಿಂತು ಮಾಡೋದು ಮುಂಜಾನಿ, ಹೊಲಿಯೋದು ಮಧ್ಯಾಹ್ನ ಕುಂತು ಅಂತ. ಅದರ ಪ್ರಕಾರ ಮುಂಜಾನಿ ಸಣ್ಣ ಡೋಸ್, ಮಧ್ಯಾಹ್ನ ಮತ್ತ ಮಲಗೋ ಮುಂದ ದೊಡ್ಡದು ಅಂತ ಅವರೇ ಹೊಂದಿಸಿ ಕೊಟ್ರು. ನಿಮ್ಮ ಕೆಲಸ ಏನು, ಎಷ್ಟೊತ್ತಿಗಿ ನಿಲ್ಲಬೇಕು, ಎಷ್ಟೊತ್ತಿಗಿ ಕೂಡಬೇಕು ಅಂತ ಡಾಕ್ಟರಿಗಿ ಹೇಳ್ರಿ, ಅವರು ಕೇಳ್ಲಿಲ್ಲಂದ್ರೂ ಹೇಳ್ರಿ. ಮತ್ತ ಈ ಗುಳಿಗಿ ಒಮ್ಮೆಲೆ ಬಿಡಂಗಿಲ್ಲ, ಬಿಟ್ರ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಬಿಗಿ ದುಪ್ಪಟ್ಟು ಆಗಬಹುದು. ಜಾತ್ರಿ, ಲಗ್ನ, ಊರು ಅಂತ ಹೊಂಟಾಗ ಒಂದು ಪಟ್ಟಿ ಪರ್ಸಿನಾಗ, ಇನ್ನೊಂದು ಮನಿಯವರ ಕಿಸೇದಾಗ.

ಒಂದ್ ಸಲ ಕಾಲು ಒಮ್ಮೆಲೆ ಕಟ್ಟಿಗಿ ಆಗಿಬಿಟ್ವು, ಬ್ಯಾನಿ ಏರ್ತು ಅಂತ ಮನಿ ಮಂದಿ ಎಲ್ಲಾ ಅತ್ರು. ನೋಡಿದ್ರ ಉರಿಮೂತ್ರದ ಇನ್ಫೆಕ್ಷನ್. ಮಲಬದ್ಧತಿ, ಬಿಗಿ ಚಪ್ಪಲಿ, ಕಾಲ್ಬೆರಳ ಉಗುರು ಒಳಗ ಹೊಕ್ಕಿದ್ದು, ಇಂಥಾ ಸಣ್ಣದ್ದೇ ಬಿಗಿ ಏರಸ್ತಾವ. ಥಂಡಿಗೂ ಹಂಗೇ, ಡಿಸೆಂಬರ್ ಮುಂಜಾನಿ ನನ್ನ ಕಾಲು ಬಗ್ಗಂಗೇ ಇಲ್ಲ. ಕಲಬುರ್ಗಿ ಬಿಸಲು ಎಲ್ಲರಿಗೂ ಶಾಪ, ನನಗ ಏಪ್ರಿಲಿನ್ಯಾಗ ಬಿಗಿ ಸಡಲ ಆಗ್ತದ, ಆದ್ರ ದಣಿವು ದುಪ್ಪಟ್ಟು, ಹಿಂಗಾಗಿ ಲಾಭ ಏನೂ ಇಲ್ಲ.

ಮನಿ ತುಂಬ ಶಾಬಾದಿ ಫರ್ಸಿ, ನೀರು ಬಿದ್ರ ಗಾಜು. ಮಷೀನಿಂದ ಟೇಬಲ್, ಟೇಬಲ್‌ದಿಂದ ಬಚ್ಚಲು, ಈ ದಾರಿಗಿ ಮಾತ್ರ ರಬ್ಬರ್ ಮ್ಯಾಟ್ ಅಂಟಿಸೇವಿ, ಬಿಡಿ ಹಾಸಿದ್ರ ಬೆರಳು ಸಿಕ್ಕೊಂಡು ಬೀಳ್ತೀನಿ. ಕುಕ್ಕರ್ ಸೀಟಿ ಹೊಡದ್ರ ಮೈ ಪೂರಾ ಜಿಗೀತದ, ಕೈ ಸೂಜಿ ಕೆಳಗ ಇದ್ದಾಗ ಜಿಗದ್ರ ಏನಾಗ್ತದ ಅಂತ ಹೇಳಬೇಕಿಲ್ಲ, ಅದಕ್ಕ ಹೊಲಿಯೋ ಹೊತ್ತಿನ್ಯಾಗ ನಮ್ಮತ್ತಿ ಬ್ಯಾಳಿ ಗುಂಡ್ಯಾಗೇ ಕುದಸ್ತಾರ, ಮಷೀನಿಗಿ ಬೆರಳಿನ ಗಾರ್ಡ್ ಹಾಕೀನಿ. ಹುಕ್ಕು, ಖಾಜಾ ಬಾಜೂ ಮನಿ ಹುಡುಗಿಗಿ ಕೊಟ್ಟೀನಿ, ಬ್ಲೌಸಿಗಿ ಇಷ್ಟು ಅಂತ. ಕಟಿಂಗ್ ನಾ ಯಾರಿಗೂ ಕೊಡಂಗಿಲ್ಲ, ಗಿರಾಕಿ ಬರೋದೇ ನನ್ನ ಕಟಿಂಗಿಗಿ.

ಲೆಕ್ಕ ಇಡೋದಕ್ಕ ನನ್ನದೇ ಪದ್ಧತಿ. ತಿಂಗಳಿಗೊಮ್ಮೆ ಒಂದು ಬ್ಲೌಸಿನ ಕೈ ಹೆಮ್ಮಿಂಗ್ ಎಷ್ಟು ಹೊತ್ತು ಹಿಡೀತು, ಮನಿ ಬಾಗಲಿಂದ ಓಣಿ ಮೂಲಿ ಕಿರಾಣಿ ತನಕ ಎಷ್ಟು ಹೊತ್ತು, ಎಲ್ಲಿ ಬಿದ್ದೆ, ಅಳತಿ ಪುಸ್ತಕದ ಹಿಂದಿನ ಹಾಳ್ಯಾಗ ಬರೀತೀನಿ. ಕ್ಲೋನಸ್ ಮೊಬೈಲಿನ್ಯಾಗ ವಿಡಿಯೋ ಮಾಡೀನಿ. ಹೆಂಗಿದ್ದೀರಿ ಅಂದ್ರ ಅಡ್ಡಿಯಿಲ್ರಿ ಅನ್ನೋದು ನಮ್ಮ ಬಾಯಿ ರೂಢಿ, ಡಾಕ್ಟರಿಗಿ ಅದು ಉಪಯೋಗಿಲ್ಲ, ಹಾಳಿ ತೋರಿಸಿದ್ರ ಉಪಯೋಗ ಅದ. ಅಂಗವಿಕಲರ ಕಾರ್ಡಿಗಿ ರೋಗದ ಹೆಸರು ಬೇಕೇ ಬೇಕು ಅಂತ ಯಾರೋ ಅಂದ್ರ ಸುಮ್ಮಾಗಬ್ಯಾಡ್ರಿ, 2016 ರ ಕಾಯ್ದೆ ಚಲನವಲನದ ಅಂಗವೈಕಲ್ಯ ಅಂದ್ರ ನರದಿಂದಾಗ್ಲಿ ಎಲುಬಿನಿಂದಾಗ್ಲಿ ಓಡಾಡಲಿಕ್ಕೆ, ಕೈಯಾಡ್ಸಲಿಕ್ಕೆ ಬರದೇ ಇರೋದು ಅಂತದ. 40 ಪರ್ಸೆಂಟ್ ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರ ಸೌಲತ್ತು ಸಿಗ್ತಾವ. ನಾ ಅರ್ಜಿ ಹಾಕೀನಿ.

ಮಂದಿ ಬಗ್ಗೆ ಏನು ಹೇಳೋದು. ಲಕ್ವಾ ಹೊಡದಾದ, ಗಾಳಿ ಸೋಕ್ಯಾದ, ಆ ಊರಾಗ ಎಣ್ಣಿ ಕೊಡ್ತಾರ, ಎಲ್ಲಾ ಕೇಳೀನಿ. ಹೂಂ ಅಂತೀನಿ, ಅಳತಿ ತೊಗೋತೀನಿ, ಡೇಟ್ ಮಾತ್ರ ಮೊದಲಿಗಿಂತ ನಾಕು ದಿನ ಮುಂದ ಕೊಡ್ತೀನಿ. ಬಂದ ಗಿರಾಕಿಗೋಳಿಗಿ, ಬೀಗರಿಗಿ ನಾ ಹೇಳೋದು ಒಂದೇ, ನಾ ಏಳುವಾಗ ಕೈ ಹಿಡದು ಜಗ್ಗಬ್ಯಾಡ್ರಿ, ಜಗ್ಗಿದ್ರ ಕಾಲು ಸೆಟದು ಇಬ್ಬರೂ ಬೀಳ್ತೀವಿ. ನಿಮ್ಮ ಮೊಣಕೈ ಕೊಟ್ಟು ಸುಮ್ಮ ನಿಂದರ್ರಿ, ಹಿಡಕೊಂಡು ನಾನೇ ಏಳ್ತೀನಿ.