ಮೂವತ್ತೇಳು ಗೆರೆಗಳು

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಿದ್ದ ಒಬ್ಬ ತಾಯಿಗೆ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು ಒಂದೇ ಕೆಲಸ ಹೇಳಿದ್ದೆ. ನಾಳೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಗನಿಗೆ ಏನನ್ನಾದರೂ ನೆನಪಿಸಿದಾಗಲೆಲ್ಲ ಒಂದು ಗೆರೆ ಎಳೆಯಿರಿ. ಗದರಿದರೂ ಗೆರೆ, ಮೆತ್ತಗೆ ಹೇಳಿದರೂ ಗೆರೆ. ಮಗನಿಗೆ ಆಗ 17 ವರ್ಷ. ಎಂಟನೇ ವಯಸ್ಸಿನಲ್ಲೇ ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸುವುದೂ ತನ್ನನ್ನು ತಡೆದುಕೊಳ್ಳುವುದೂ ಕಷ್ಟವಾಗುವ ಸ್ಥಿತಿ, ಎಂದು ಗೊತ್ತಾಗಿತ್ತು. ಮುಂದಿನ ವರ್ಷ ಕಾಲೇಜು, ಅದೂ ಹಾಸ್ಟೆಲ್ ವಾಸ. ಎರಡು ದಿನ ಬಿಟ್ಟು ಇಬ್ಬರೂ ಬಂದಾಗ ಪುಟದಲ್ಲಿ 37 ಗೆರೆಗಳಿದ್ದವು. ಹುಡುಗ ಬಗ್ಗಿ ನೋಡಿದವನು ನಿಜಕ್ಕೂ ಬೆರಗಾದ. "ಇಷ್ಟು ಸಲ ಹೇಳಿದೆಯಾ ಅಮ್ಮ? ನನಗೆ ಕೇಳಿಸಿದ್ದು ನಾಲ್ಕೈದು ಸಲ ಇರಬಹುದು."

ತಾಯಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಅವನ ಅಂಕಪಟ್ಟಿ ನಿಂತಿರುವುದೇ ಈ ಗೆರೆಗಳ ಮೇಲೆ ಎಂದೆ. ಹಾಸ್ಟೆಲ್‌ಗೆ ಹೊರಡುವ ದಿನ ಬಟ್ಟೆಬರೆ, ಪುಸ್ತಕ, ಚಾರ್ಜರ್ ಎಲ್ಲವೂ ಪೆಟ್ಟಿಗೆ ಸೇರುತ್ತವೆ. ಗೆರೆಗಳು ಮಾತ್ರ ಮನೆಯಲ್ಲೇ ಉಳಿಯುತ್ತವೆ. ಒಂದೊಂದು ಗೆರೆಯನ್ನೂ ಯಾರ ತಲೆಗೆ ಕಟ್ಟುವುದು? ಒಂದಿಷ್ಟು ಅವನ ತಲೆಗೆ, ಒಂದಿಷ್ಟು ಮೊಬೈಲಿಗೆ, ಒಂದಿಷ್ಟು ಕಾಲೇಜಿಗೆ. ಉಳಿದ ಒಂದು ವರ್ಷ ನಾವು ಮಾಡಿದ್ದು ಈ ಹಂಚಿಕೆಯನ್ನೇ.

ಹೀಗೆ ಯೋಚಿಸುವುದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಆಪ್ತಸಮಾಲೋಚನೆ ಶುರುಮಾಡಿದ ಹೊಸದರಲ್ಲಿ ಒಳ್ಳೆಯ ಅಂಕ ಬಂದಿದ್ದ ಒಬ್ಬ ಹುಡುಗನನ್ನು, ಅಂಕಕ್ಕೆ ತಕ್ಕ ಹೆಸರಿರುವ ದೊಡ್ಡ ಕಾಲೇಜಿಗೆ ಸೇರು ಎಂದು ಹುರಿದುಂಬಿಸಿದ್ದೆ. ಒಂದೊಂದು ತರಗತಿಯಲ್ಲಿ ಇನ್ನೂರು ಜನ, ಸೆಮಿಸ್ಟರ್ ಕೊನೆಯಲ್ಲಿ ಒಂದೇ ಪರೀಕ್ಷೆ, ಹಾಜರಾತಿ ಕೇಳುವವರಿಲ್ಲ. ಮೊದಲ ಹದಿನೈದು ದಿನ ಹಬ್ಬದಂತಿತ್ತು ಎಂದು ಆಮೇಲೆ ಅವನೇ ಹೇಳಿದ. ಹೊಸತನ ಎಡಿಎಚ್‌ಡಿ ಇರುವ ಮೆದುಳಿಗೆ ಟಾನಿಕ್ ಇದ್ದಂತೆ. ಅದು ಖಾಲಿಯಾದ ದಿನ ಕೋಣೆಯಿಂದ ಹೊರಗೆ ಹೆಜ್ಜೆ ಇಡುವುದೇ ಕಷ್ಟವಾಯಿತು. ನಾಲ್ಕು ತಿಂಗಳಿಗೆ ಮನೆಗೆ ಬಂದ. ತಾನು ದಡ್ಡ ಎಂದು ತೀರ್ಮಾನಿಸಿಕೊಂಡು ಬಂದಿದ್ದ. ಅದನ್ನು ಅಳಿಸಲು ನಮಗೆ ಎರಡು ವರ್ಷ ಹಿಡಿಯಿತು.

ಅವನಿಗೆ ಪಾಠ ಅರ್ಥವಾಗುತ್ತಿತ್ತು, ಏನು ಮಾಡಬೇಕೆಂಬುದೂ ಗೊತ್ತಿತ್ತು. ಗೊತ್ತಿರುವುದನ್ನು ಸರಿಯಾದ ಹೊತ್ತಿನಲ್ಲಿ ಮಾಡುವ ಜಾಗದಲ್ಲೇ ತೊಡಕು ಎಂದು ಅಮೆರಿಕದ ಮನೋವಿಜ್ಞಾನಿ ರಸ್ಸೆಲ್ ಬಾರ್ಕ್ಲಿ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ತನ್ನನ್ನು ತಾನು ನಡೆಸಿಕೊಳ್ಳುವ ಶಕ್ತಿಯಲ್ಲಿ ಈ ಮಕ್ಕಳು ವಯಸ್ಸಿಗಿಂತ ಸುಮಾರು ಶೇ. 30ರಷ್ಟು ಹಿಂದಿರುತ್ತಾರೆ ಎಂಬುದು ಅವರು ಕೊಡುವ ಅಂದಾಜು. ಅಂದರೆ 18ರ ಹುಡುಗನ ದಿನಚರಿಯನ್ನು 12-13ರ ಹುಡುಗ ನೋಡಿಕೊಳ್ಳುತ್ತಿದ್ದಾನೆ. 2007ರಲ್ಲಿ ಸಂಶೋಧಕ ಫಿಲಿಪ್ ಶಾ ಮತ್ತು ಸಂಗಡಿಗರು ಮೆದುಳಿನ ಹೊರಪದರದ ಬೆಳವಣಿಗೆಯನ್ನು ಅಳೆದು ನೋಡಿದಾಗಲೂ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಅದು ಸರಾಸರಿ ಮೂರು ವರ್ಷ ತಡವಾಗಿ, ಆದರೆ ಅದೇ ಕ್ರಮದಲ್ಲಿ ಸಾಗುವುದು ಕಂಡಿತು. ಹೆತ್ತವರಿಗೆ ನಾನು ಹೇಳುವುದು ಈ 'ತಡ' ಎಂಬ ಪದವನ್ನೇ. ಸೋಮಾರಿ ಎಂಬ ಪದಕ್ಕೆ ಪರ್ಯಾಯ ಸಿಕ್ಕಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಈಗ ಕಾಲೇಜು ಆರಿಸುವಾಗ ಅಂಕ, ಹೆಸರು ಇವುಗಳಿಗಿಂತ ಮೊದಲು ಒಂದು ಖಾಲಿ ಹಾಳೆ ಕೊಡುತ್ತೇನೆ. ಮೇಲೆ 'ಮಂಗಳವಾರ' ಎಂದಷ್ಟೇ ಬರೆದಿರುತ್ತದೆ. ಸೋಮವಾರಕ್ಕೆ ಒಂದು ಹುರುಪಿರುತ್ತದೆ, ಶುಕ್ರವಾರಕ್ಕೆ ಆಸೆ ಇರುತ್ತದೆ. ಏನೂ ಇಲ್ಲದ ದಿನ ಮಂಗಳವಾರ. ಆ ಕಾಲೇಜಿನಲ್ಲಿ, ಅಕ್ಟೋಬರ್‌ನ ಒಂದು ಮಂಗಳವಾರ ನೀನು ಏಳುವುದರಿಂದ ಮಲಗುವವರೆಗೆ ಏನೇನಾಗುತ್ತದೆ ಎಂದು ಗಂಟೆ ಗಂಟೆಗೆ ತುಂಬು ಎನ್ನುತ್ತೇನೆ. ಹುಡುಗರು ಮೊದಮೊದಲು ನಗುತ್ತಾರೆ. ತುಂಬಲು ಕುಳಿತಾಗ ಗೊತ್ತಿಲ್ಲದ ಜಾಗಗಳು ಬಾಯಿ ಬಿಡುತ್ತವೆ. ಹಾಸಿಗೆಯಿಂದ ಮೊದಲ ತರಗತಿಗೆ ಎಷ್ಟು ದೂರ? ಎರಡು ತರಗತಿಗಳ ನಡುವೆ ಮೂರು ಗಂಟೆ ಬಿಡುವಿದ್ದರೆ ಎಲ್ಲಿರುತ್ತೀಯ? ಮೂರು ದಿನ ನೀನು ಕಾಣದಿದ್ದರೆ ಯಾರ ಗಮನಕ್ಕೆ ಬರುತ್ತದೆ? ಕೊನೆಯ ಪ್ರಶ್ನೆಗೆ "ಯಾರಿಗೂ ಇಲ್ಲ" ಎಂದು ಉತ್ತರ ಬಂದರೆ, ಆ ಕಾಲೇಜು ಎಷ್ಟೇ ದೊಡ್ಡದಿರಲಿ, ನಾನು ಪಟ್ಟಿಯ ಕೆಳಕ್ಕೆ ತಳ್ಳುತ್ತೇನೆ.

ಖಾಲಿ ಜಾಗಗಳಿಗೆ ಉತ್ತರ ಹುಡುಕಲು ಸಾಮಾನ್ಯ ದಿನವೇ ಹೋಗಿ ಬರಬೇಕು. ಪ್ರವೇಶದ ಹಬ್ಬದ ದಿನ ಎಲ್ಲ ಕಾಲೇಜೂ ಮದುವೆ ಮನೆಯೇ. ಕಾರಿಡಾರ್‌ನಲ್ಲಿ ನಿಂತು ಎರಡನೇ ವರ್ಷದವರನ್ನು ಕೇಳಬೇಕಾದದ್ದು ಇಷ್ಟು: ಕೊನೆಯ ಪರೀಕ್ಷೆಗೆ ಮುಂಚೆ ಎಷ್ಟು ಚಿಕ್ಕ ಪರೀಕ್ಷೆಗಳು, ಅಸೈನ್‌ಮೆಂಟ್‌ಗಳು ಇರುತ್ತವೆ? ಅವನ್ನು ತಿದ್ದಿ ಮರಳಿ ಕೊಡುತ್ತಾರೆಯೇ, ಎಷ್ಟು ದಿನಕ್ಕೆ? ಎಡಿಎಚ್‌ಡಿ ಇರುವವರಿಗೆ ಪರೀಕ್ಷೆ ಎಂಟು ವಾರದ ಆಚೆ ಇದ್ದರೆ ಅದು ಇಲ್ಲವೇ ಇಲ್ಲ. ವಾರಕ್ಕೊಂದು ಸಲ ಕೆಲಸ ಒಪ್ಪಿಸಬೇಕಾದ, ಪ್ರಯೋಗಾಲಯ, ವರ್ಕ್‌ಶಾಪ್, ಪ್ರಾಜೆಕ್ಟ್ ಹೆಚ್ಚಿರುವ ಕೋರ್ಸ್ ನೋಡಲು ಭಾರ ಎನಿಸಿದರೂ ಇವರಿಗೆ ಹಗುರ. ಇದನ್ನು ಹೆತ್ತವರು ಸುಲಭಕ್ಕೆ ನಂಬುವುದಿಲ್ಲ. "ಇಷ್ಟೊಂದು ಕೆಲಸ ಇರುವ ಕಡೆ ಹಾಕಿದರೆ ಉಸಿರು ಕಟ್ಟುವುದಿಲ್ಲವೇ?" ಎನ್ನುತ್ತಾರೆ. ಕೆಲಸದಿಂದ ಉಸಿರು ಕಟ್ಟಿದವರನ್ನು ನಾನು ಕಂಡದ್ದು ಕಡಿಮೆ. ಖಾಲಿ ಸಮಯದಲ್ಲಿ ಮುಳುಗಿದವರನ್ನು ಕಂಡದ್ದೇ ಹೆಚ್ಚು.

ವಿಷಯದ ಆಯ್ಕೆಯಲ್ಲಿ "ಆಸಕ್ತಿ ಇರುವುದನ್ನು ತೆಗೆದುಕೊಳ್ಳಲಿ" ಎಂಬ ಮಾತು ಸರಿಯೇ, ಆದರೆ ಯಾವ ಆಸಕ್ತಿ? ಈ ತಿಂಗಳು ರಾತ್ರಿ ಹಗಲೆನ್ನದೆ ಗಿಟಾರ್, ಮುಂದಿನ ತಿಂಗಳು ಡ್ರೋನ್. ನಾನು ಕೇಳುವ ಪ್ರಶ್ನೆ ಬೇರೆ: ಬಿಟ್ಟು, ಮರೆತು, ಮತ್ತೆ ತಾನಾಗಿ ಹಿಡಿದದ್ದು ಯಾವುದು? ಒಬ್ಬಳು ಮೂರು ಸಲ ಬಿಟ್ಟು ಮೂರು ಸಲವೂ ಹಕ್ಕಿಗಳ ಕಡೆಗೇ ಮರಳಿದ್ದಳು. ಪ್ರಾಣಿಶಾಸ್ತ್ರಕ್ಕೆ ಹೋದಳು. ಮೊದಲ ವರ್ಷದಲ್ಲಿ ವಿಷಯ ಬದಲಿಸಲು ಅವಕಾಶವಿದೆಯೇ ಎಂಬುದನ್ನೂ ಮುಂಚೆಯೇ ಕೇಳಿಡಬೇಕು. ಬದಲಿಸುವವರು ಇವರಲ್ಲಿ ಇದ್ದೇ ಇರುತ್ತಾರೆ, ಅದನ್ನು ಸೋಲೆಂದು ಬರೆದುಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ.

ಆ ಹುಡುಗಿಗೆ ಎಡಿಎಚ್‌ಡಿ ಎಂದು ಗೊತ್ತಾದದ್ದೇ 17ರಲ್ಲಿ. ಓಡಾಟವಿಲ್ಲ, ಗಲಾಟೆಯಿಲ್ಲ, ಕಿಟಕಿ ನೋಡುತ್ತ ಕೂರುವ ಮಗು. ಶಾಲೆಯಲ್ಲಿ 'ಕನಸುಗಾತಿ' ಎಂಬ ಹೆಸರು ಬಿದ್ದಿತ್ತು, ಅಷ್ಟೇ. ಹುಡುಗಿಯರಲ್ಲಿ ಹೀಗೆ ಕಣ್ತಪ್ಪುವುದು ಹೆಚ್ಚು. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಡಿಎಸ್‌ಎಂ ಕೈಪಿಡಿಯ 2013ರಲ್ಲಿ ಬಂದ ಐದನೇ ಆವೃತ್ತಿ, ಲಕ್ಷಣಗಳು 7 ವರ್ಷಕ್ಕೆ ಮೊದಲು ಕಂಡಿರಬೇಕೆಂಬ ನಿಯಮವನ್ನು 12 ವರ್ಷಕ್ಕೆ ಸಡಿಲಿಸಿತು; 17 ತುಂಬಿದವರಿಗೆ ಒಂಬತ್ತರಲ್ಲಿ ಆರರ ಬದಲು ಐದು ಲಕ್ಷಣ ಸಾಕು ಎಂದಿತು. ತಡವಾಗಿ ಗೊತ್ತಾದವರಿಗೆ ಕಾಗದಪತ್ರದ ತಾಪತ್ರಯ ಬೇರೆ ಇರುತ್ತದೆ. ಯಾರು ಸಹಿ ಮಾಡಿದ, ಎಷ್ಟು ಹಳೆಯ ವರದಿ ನಡೆಯುತ್ತದೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಪ್ರವೇಶಕ್ಕೆ ಮೊದಲೇ ಪತ್ರ ಬರೆದು ಉತ್ತರವನ್ನು ಲಿಖಿತವಾಗಿ ಪಡೆಯುವುದು ನನ್ನ ಪದ್ಧತಿ. ಸವಲತ್ತು ಎಂದರೆ ಎಲ್ಲರೂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವನ್ನೇ ಕೇಳುತ್ತಾರೆ. ಅವಳಿಗೆ ಆ ಅರ್ಧ ಗಂಟೆ ಕಿಟಕಿ ನೋಡಲು ಇನ್ನಷ್ಟು ಅವಕಾಶವಾಯಿತು. ಕಡಿಮೆ ಜನರಿರುವ ಕೋಣೆ, ನಡುವೆ ಎದ್ದು ಓಡಾಡಲು ಐದು ನಿಮಿಷ, ಇವು ನಿಜವಾಗಿ ಉಪಯೋಗಕ್ಕೆ ಬಂದವು.

ಮತ್ತೆ 37 ಗೆರೆಗಳಿಗೆ ಬರುತ್ತೇನೆ. ಹದಿನೈದು ದಿನಕ್ಕೆ ಮೂರು ಗೆರೆ ದಾಟಿಸುವುದು ಎಂದು ಮಾತಾಯಿತು. ಮೊದಲನೆಯದೇ ಕಷ್ಟದ್ದು: ಬೆಳಿಗ್ಗೆ ಏಳುವುದು. ಅಮ್ಮ ಎಬ್ಬಿಸುವಂತಿಲ್ಲ. ಮೂರನೇ ದಿನ ಆ ತಾಯಿ ಅವನ ಕೋಣೆಯ ಬಾಗಿಲ ಹೊರಗೆ, ಕೈಯಲ್ಲಿ ಬಟ್ಟೆಯ ರಾಶಿ ಹಿಡಿದುಕೊಂಡೇ ಇಪ್ಪತ್ತು ನಿಮಿಷ ನಿಂತಿದ್ದರಂತೆ. ಒಳಗೆ ಅಲಾರಂ ಬಡಿಯುತ್ತಿದೆ, ಹುಡುಗ ಮಲಗಿದ್ದಾನೆ. ಹನ್ನೊಂದು ದಿನದಲ್ಲಿ ಏಳು ದಿನ ಶಾಲೆಗೆ ತಡ. ತಂದೆ ನನಗೆ ಫೋನ್ ಮಾಡಿ ಸಿಟ್ಟಾದರು. ಮನೆಯಲ್ಲಿ ತಡವಾದರೆ ಬೈಗುಳ, ಕಾಲೇಜಿನಲ್ಲಿ ತಡವಾದರೆ ಒಂದು ವರ್ಷ. ಈ ಪೆಟ್ಟು ಈಗ ಅಗ್ಗ ಎಂದೆ. ಹನ್ನೆರಡನೇ ದಿನ ಹುಡುಗನೇ ಅಲಾರಂ ಗಡಿಯಾರವನ್ನು ಬಚ್ಚಲುಮನೆಯ ಕಪಾಟಿನ ಮೇಲಿಟ್ಟ. ನಾನು ಹೇಳಿಕೊಟ್ಟಿದ್ದರೆ ಅದು ಮೂರು ದಿನವೂ ನಡೆಯುತ್ತಿರಲಿಲ್ಲ.

ಏಳುವುದರ ಬೇರು ಮಲಗುವುದರಲ್ಲಿದೆ. ಎಡಿಎಚ್‌ಡಿ ಇರುವ ಅನೇಕರಲ್ಲಿ ದೇಹದ ಗಡಿಯಾರವೇ ಹಿಂದೆ ಓಡುತ್ತದೆ. ರಾತ್ರಿ ಹನ್ನೊಂದಕ್ಕೆ ಅವರಿಗೆ ಸಂಜೆ. ಇಷ್ಟಕ್ಕೇ ಮಲಗು ಎಂದು ಹಟ ಹಿಡಿಯುವುದನ್ನು ನಾನು ಬಿಟ್ಟಿದ್ದೇನೆ. ಏಳುವ ಹೊತ್ತನ್ನು ರಜೆಯ ದಿನವೂ ಬದಲಿಸಬೇಡ, ಎದ್ದ ಕೂಡಲೇ ಹೊರಗೆ ಬೆಳಕಿಗೆ ಹೋಗು, ಎನ್ನುತ್ತೇನೆ. ನಿದ್ದೆ ನಿಧಾನವಾಗಿ ಮುಂಚೆಯೇ ಬರತೊಡಗುತ್ತದೆ.

ಔಷಧ ಬೇಕೇ, ಎಷ್ಟು ಎಂಬುದು ವೈದ್ಯರ ಮಾತು. ಅದರ ಸುತ್ತಲಿನ ದಿನಚರಿ ಮಾತ್ರ ನನ್ನ ಮೇಜಿಗೆ ಬರುತ್ತದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧದ ಬೇಗ ಇಳಿಯುವ ಮಾತ್ರೆಯ ಪರಿಣಾಮ ಮೂರು ನಾಲ್ಕು ಗಂಟೆ. ಬೆಳಿಗ್ಗೆ ತೆಗೆದುಕೊಂಡು ಸಂಜೆ ಓದಲು ಕುಳಿತು "ಮಾತ್ರೆ ನಾಟುತ್ತಿಲ್ಲ" ಎನ್ನುವವರಿದ್ದಾರೆ. ತರಗತಿಯ ವೇಳಾಪಟ್ಟಿಯನ್ನು ವೈದ್ಯರ ಮುಂದೆ ಹಿಡಿದು ಮಾತಾಡಿ ಎಂದು ಕಳಿಸುತ್ತೇನೆ. ಹಸಿವು ಕುಗ್ಗುವುದರಿಂದ ಮಾತ್ರೆಗೆ ಮೊದಲೇ ಹೊಟ್ಟೆ ತುಂಬಿಸಿಕೊಳ್ಳಬೇಕು, ಹೊತ್ತು ಮೀರಿ ತೆಗೆದುಕೊಂಡರೆ ನಿದ್ದೆ ಹಾರುತ್ತದೆ. ಬಹಳಷ್ಟು ದೇಶಗಳಲ್ಲಿ ಇದು ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವ ಔಷಧ, ಆದ್ದರಿಂದ ಹೊಸ ಊರಿನಲ್ಲಿ ಚೀಟಿ ಬರೆದುಕೊಡುವ ವೈದ್ಯರನ್ನು ಕಾಲೇಜು ಶುರುವಾಗುವ ಮೊದಲೇ ಹುಡುಕಿಡಬೇಕು. ಪರೀಕ್ಷೆ ಹತ್ತಿರ ಬಂದಾಗ "ನನಗೊಂದು ಕೊಡು" ಎಂದು ಗೆಳೆಯರು ಖಂಡಿತ ಕೇಳುತ್ತಾರೆ. ಅದಕ್ಕೆ ಉತ್ತರವನ್ನು ನಾವು ಮೊದಲೇ ಅಭ್ಯಾಸ ಮಾಡಿಸುತ್ತೇವೆ: "ಎಣಿಸಿ ಕೊಡುತ್ತಾರೆ, ಒಂದು ಕಡಿಮೆಯಾದರೂ ನನಗೇ ತೊಂದರೆ." ಸಂಕೋಚದ ಹುಡುಗರಿಗೆ ನೀತಿಗಿಂತ ನೆಪ ಸುಲಭ.

ಸಮಯ ಇವರ ಕಣ್ಣಿಗೆ ಕಾಣುವುದಿಲ್ಲ. ಸ್ನಾನಕ್ಕೆ ಎಷ್ಟು ಹೊತ್ತು ಎಂದು 37 ಗೆರೆಗಳ ಹುಡುಗನನ್ನು ಕೇಳಿದರೆ ಹತ್ತು ನಿಮಿಷ ಎಂದ. ಗಡಿಯಾರ 34 ಎಂದಿತು. ಒಂದು ವಾರ ಊಹೆ ಒಂದು ಕಡೆ, ನಿಜ ಇನ್ನೊಂದು ಕಡೆ ಬರೆದುಕೊಂಡ. ಆಮೇಲೆ ತನ್ನ ಯಾವ ಅಂದಾಜನ್ನೂ ಅವನೇ ಮೂರರಿಂದ ಗುಣಿಸಲು ಶುರುಮಾಡಿದ. ಅಲಾರಂಗಳಿಗೆ ಹೆಸರು ಕೊಟ್ಟೆವು: 'ಗಣಿತ' ಎಂದಲ್ಲ, 'ಎದ್ದು ಚಪ್ಪಲಿ ಹಾಕು' ಎಂದು. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ವಿವರಿಸಿದ 'ಹೀಗಾದರೆ ಹಾಗೆ' ಎಂಬ ಬಗೆಯ ಸಂಕಲ್ಪವೂ ಇಲ್ಲಿ ಕೈಹಿಡಿಯುತ್ತದೆ. "ದಿನಾ ಓದುತ್ತೇನೆ" ಎಂಬುದರ ಜಾಗದಲ್ಲಿ "ಕೊನೆಯ ತರಗತಿಯ ಬಾಗಿಲು ದಾಟಿದರೆ, ಎಡಕ್ಕೆ ತಿರುಗಿ ಗ್ರಂಥಾಲಯ". ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೆ ಇವರ ಕೈಯೂ ಓಡುತ್ತದೆ, ಅದಕ್ಕಾಗಿ ಗ್ರಂಥಾಲಯ, ಕೋಣೆಯಲ್ಲ. ಯಾವ ಉಪಾಯವೂ ಮೂರು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅರ್ಧ ತುಂಬಿದ ಡೈರಿಗಳ ರಾಶಿ ಎಲ್ಲರ ಮನೆಯಲ್ಲೂ ಇದೆ. ಒಂದು ಬಾಡಿದರೆ ಮುಂದಿನದು ತಯಾರಿರಬೇಕು.

ನಾನು ಹೆಚ್ಚು ಹೆದರುವುದು ನಾಚಿಕೆಗೆ. ಒಂದು ಅಸೈನ್‌ಮೆಂಟ್ ತಪ್ಪುತ್ತದೆ, ಅಧ್ಯಾಪಕರ ಮೇಲ್ ಬರುತ್ತದೆ, ತೆರೆಯಲು ಧೈರ್ಯವಿಲ್ಲ, ತರಗತಿಗೂ ಮುಖವಿಲ್ಲ. ಮೂರು ದಿನ ಮೌನ. ಈ ಮೌನವೇ ಸೆಮಿಸ್ಟರ್ ನುಂಗುತ್ತದೆ. ಆದ್ದರಿಂದ ಮನಸ್ಸು ಚೆನ್ನಾಗಿರುವ ದಿನ, ಮುಂದೆ ಮಾಡಲಿರುವ ತಪ್ಪಿಗೆ ಈಗಲೇ ಒಂದು ಪತ್ರ ಬರೆಸಿ ಮೊಬೈಲಿನಲ್ಲಿ ಇಡಿಸುತ್ತೇನೆ: "ಸರ್, ಕೆಲಸ ಒಪ್ಪಿಸುವ ದಿನ ತಪ್ಪಿದ್ದೇನೆ. ನನಗೆ ಎಡಿಎಚ್‌ಡಿ ಇದೆ, ಅದರ ವರದಿ ಕಚೇರಿಯಲ್ಲಿದೆ. ಯಾವಾಗ ತಂದುಕೊಡಲಿ?" ದಿನಾಂಕ ತುಂಬಿ ಕಳಿಸಿದರೆ ಮುಗಿಯಿತು. ಆ ಹುಡುಗ ಮೊದಲ ವರ್ಷ ಅದನ್ನು ಆರು ಸಲ ಕಳಿಸಿದ. ಒಬ್ಬರು ಬೈದರು, ಐವರು ದಿನ ಕೊಟ್ಟರು. ಆತಂಕ, ಖಿನ್ನತೆ ಎಡಿಎಚ್‌ಡಿಯ ಜೊತೆಗೆ ಬರುವುದು ಸಾಮಾನ್ಯ. ಮೌನದ ಜೊತೆ ಬದುಕು ಬೇಡವೆಂಬ ಮಾತು ಒಂದು ಸಲ ಕೇಳಿದರೂ ಪತ್ರ, ಪಟ್ಟಿ ಎಲ್ಲ ಬದಿಗಿಟ್ಟು ಅದೇ ದಿನ ವೈದ್ಯರಲ್ಲಿಗೆ.

ಹೊರಡುವ ಮುನ್ನ ಅಮ್ಮ, ಅಪ್ಪ, ಮಗ ಮೂವರೂ ಕುಳಿತು ಒಂದು ಒಪ್ಪಂದ ಮಾಡಿಕೊಂಡರು. ವಾರಕ್ಕೆರಡು ಫೋನ್, ಮೊದಲ ಹತ್ತು ನಿಮಿಷ ಓದಿನ ಮಾತಿಲ್ಲ. ಮೂರು ದಿನ ಉತ್ತರವಿಲ್ಲದಿದ್ದರೆ ಅಪ್ಪ ಹೊರಟು ಬರಬಹುದು, ಮಗ ಸಿಟ್ಟಾಗುವಂತಿಲ್ಲ. ಒಂದೇ ಸಲ ಬರಬೇಕಾಯಿತು. ಇಬ್ಬರೂ ಆ ದಿನ ಏನೂ ಮಾತಾಡದೆ ಬಟ್ಟೆ ಒಗೆದು ಒಣಹಾಕಿದರಂತೆ.

ಮೂರನೇ ಸೆಮಿಸ್ಟರ್‌ನ ರಜೆಗೆ ಮಗ ಮನೆಗೆ ಬಂದಾಗ ಆ ತಾಯಿ ಯಾರೂ ಹೇಳದೆಯೇ ಅದೇ ನೋಟ್‌ಬುಕ್‌ನಲ್ಲಿ ಒಂದು ದಿನ ಗೆರೆ ಎಳೆದು ನನಗೆ ಫೋಟೊ ಕಳಿಸಿದರು. ಎರಡು ಗೆರೆ. ಕೆಳಗೆ ಒಂದು ಸಂಶಯವನ್ನೂ ಬರೆದಿದ್ದರು: "ಎರಡನೆಯದು 'ಊಟ ಆಯಿತಾ' ಎಂದು ಕೇಳಿದ್ದು. ಇದನ್ನು ಲೆಕ್ಕಕ್ಕೆ ಹಿಡಿಯಬೇಕೇ?"