ಬೆಳಿಗ್ಗೆ ಏಳಲು ಒಲ್ಲದ ಕಂಪ್ಯೂಟರ್

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಅರ್ಜಿ, ಬಾಡಿಗೆ ಕರಾರು, ಜೆರಾಕ್ಸ್, ಇಷ್ಟೇ ವ್ಯವಹಾರ. ಡಿಸೆಂಬರ್‌ನ ಒಂದು ಬೆಳಿಗ್ಗೆ ಕಂಪ್ಯೂಟರ್ ಬಟನ್ ಒತ್ತಿದೆ. ಫ್ಯಾನ್ ಸದ್ದಿಲ್ಲ, ಬೀಪ್ ಇಲ್ಲ. ಎದುರಿಗೆ ಕೂತಿದ್ದ ಗಿರಾಕಿ, "ಯಾಕ್ ಸಾ, ಇನ್ನೂ ಎದ್ದಿಲ್ವಾ ನಿಮ್ ಕಂಪ್ಯೂಟ್ರು?" ಅಂದರು.

ನಿಜ ಹೇಳಬೇಕೆಂದರೆ ಎರಡು ವಾರದಿಂದಲೇ ಅದು ಹಟ ಮಾಡುತ್ತಿತ್ತು. ಮೊದಮೊದಲು ಎರಡು ಸಲ ಒತ್ತಿದರೆ ಆನ್ ಆಗುತ್ತಿತ್ತು, ಆಮೇಲೆ ಐದಾರು ಸಲ ಬೇಕಾಯಿತು. ಒಮ್ಮೆ ಆನ್ ಆದರೆ ರಾತ್ರಿವರೆಗೂ ತಕರಾರಿಲ್ಲ. ಊಟದ ಹೊತ್ತಿಗೆ ಆಫ್ ಮಾಡಿ ಮತ್ತೆ ಹಾಕಿದರೂ ಒಂದೇ ಸಲಕ್ಕೆ ಆನ್. ಬಟನ್ ಸವೆದಿರಬೇಕು ಅಂದುಕೊಂಡು ಸುಮ್ನಿದ್ದೆ.

ರಿಪೇರಿ ಹುಡುಗ ಬಂದ. ಗೋಡೆ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ಡಬ್ಬ ಇದೆಯಲ್ಲ, ಎಸ್‌ಎಂಪಿಎಸ್, ಅದರ 24 ಪಿನ್ ಪ್ಲಗ್ಗನ್ನು ಮದರ್‌ಬೋರ್ಡ್‌ನಿಂದ ಕಿತ್ತು, ಹಸಿರು ವೈರನ್ನೂ ಪಕ್ಕದ ಕಪ್ಪು ವೈರನ್ನೂ ಒಂದು ತಂತಿಯಿಂದ ಸೇರಿಸಿದ. ಎಸ್‌ಎಂಪಿಎಸ್ ಫ್ಯಾನ್ ತಿರುಗಿತು. "ಕರೆಂಟ್ ಸರ್ಯಾಗ್ ಬತ್ತಾ ಅದೆ. ಬೋರ್ಡೇ ಹೊಂಟೋಗದೆ ಸಾ, ರಿಪೇರಿ ಆಗಾಕಿಲ್ಲ" ಅಂದ. ಹಳೇ ಪ್ರೊಸೆಸರ್‌ಗೆ ಹೊಸ ಬೋರ್ಡ್ ಹೊಂದಲ್ಲ. ಅಂದರೆ ಪ್ರೊಸೆಸರ್, ರ‍್ಯಾಮ್ ಎಲ್ಲವೂ ಬದಲಾಗಬೇಕು. ಖರ್ಚು ನೆನೆಸಿಕೊಂಡು, "ಭಾನುವಾರ ನಾನೇ ಒಂದ್ಸಲ ನೋಡ್ತೀನಿ ಬಿಡಪ್ಪ" ಅಂದೆ.

ಭಾನುವಾರ ಗೋಡೆಯಿಂದ ಶುರು ಮಾಡಿದೆ. ಅದೇ ಪ್ಲಗ್‌ಗೆ ಟೇಬಲ್ ಲ್ಯಾಂಪ್ ಹಾಕಿದೆ, ಉರಿಯಿತು. ಮಾನಿಟರ್‌ನ ಪವರ್ ಕೇಬಲ್ ತೆಗೆದು ಸಿಪಿಯುಗೆ ಹಾಕಿ ನೋಡಿದೆ, ವ್ಯತ್ಯಾಸವಿಲ್ಲ. ನಮ್ಮ ಕಡೆ ಇಡೀ ಡಬ್ಬಕ್ಕೇ ಸಿಪಿಯು ಅಂತೀವಲ್ಲ, ಅದೇ. ಬಟನ್ ಮೇಲೆ ಅನುಮಾನ ಇದ್ದೇ ಇತ್ತು. ಬೋರ್ಡ್‌ನಲ್ಲಿ ಪವರ್ ಸ್ವಿಚ್ ಅಂತ ಬರೆದಿರುವ ಎರಡು ಪಿನ್‌ಗಳಿಂದ ಬಟನ್‌ನ ವೈರ್ ತೆಗೆದು, ಸ್ಕ್ರೂಡ್ರೈವರ್ ತುದಿಯನ್ನು ಎರಡಕ್ಕೂ ಒಂದು ಕ್ಷಣ ತಾಗಿಸಿದೆ. ಆಗಲೂ ಏಳಲಿಲ್ಲ. ಬಟನ್ ನಿರಪರಾಧಿ.

ಆದರೆ ಬೋರ್ಡ್ ಮೇಲಿನ ಪುಟ್ಟ ಹಸಿರು ದೀಪ ಉರಿಯುತ್ತಲೇ ಇತ್ತು. ಇದೇ ನನ್ನನ್ನು ದಾರಿ ತಪ್ಪಿಸಿದ್ದು. ದೀಪ ಇದೆ, ಫ್ಯಾನ್ ತಿರುಗುತ್ತದೆ, ಇನ್ನು ಉಳಿದಿದ್ದು ಬೋರ್ಡೇ ಅಲ್ವಾ ಅಂತ ನನಗೂ ಅನಿಸಿತು.

ಕೊನೆಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದೆ. ಕಂಪ್ಯೂಟರ್ ಆಫ್ ಇದ್ದಾಗಲೂ, ಗೋಡೆ ಸ್ವಿಚ್ ಆನ್ ಇದ್ದರೆ, ಆ 24 ಪಿನ್ ಪ್ಲಗ್‌ನ ನೇರಳೆ ವೈರಿನಲ್ಲಿ 5 ವೋಲ್ಟ್ ಸದಾ ಇರಬೇಕು. ಬಟನ್ ಒತ್ತಿದ್ದು ಬೋರ್ಡ್‌ಗೆ ಗೊತ್ತಾಗುವುದೇ ಆ ಕರೆಂಟಿನಿಂದ. 4.75ರಿಂದ 5.25ರ ಒಳಗಿದ್ದರೆ ಸರಿ. ಆ ಪ್ಲಗ್ಗನ್ನು ಬೋರ್ಡ್‌ನಿಂದ ಬಿಚ್ಚಿಟ್ಟು ಅಳೆದಾಗ 5.05 ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಬೋರ್ಡ್ ಕೊಳ್ಳಲು ಹೊರಡುತ್ತಿದ್ದೆ. ಯಾಕೋ ಪ್ಲಗ್ಗನ್ನು ಬೋರ್ಡ್‌ಗೆ ಮತ್ತೆ ಸಿಕ್ಕಿಸಿ, ಮೀಟರ್ ಕಡ್ಡಿಗಳನ್ನು ಹಿಂದಿನಿಂದ ವೈರ್ ಪಕ್ಕ ತೂರಿಸಿ ಇನ್ನೊಮ್ಮೆ ಅಳೆದೆ. 4.1! ದೀಪ ಉರಿಯಲು ಅಷ್ಟು ಸಾಕು, ಬೋರ್ಡ್ ಏಳಲು ಸಾಲದು. ಖಾಲಿ ಗಾಡಿ ಎಳೆಯುವ ಎತ್ತು ಕಬ್ಬು ಹೇರಿದ ಮೇಲೆ ಕೂತುಬಿಟ್ಟ ಹಾಗೆ.

ಆದರೂ ಬೋರ್ಡೇ ಎಲ್ಲೋ ಶಾರ್ಟ್ ಆಗಿ ವೋಲ್ಟೇಜನ್ನು ಕೆಳಗೆ ಎಳೆಯುತ್ತಿರಬಹುದಲ್ಲ? ಅಶೋಕನಗರದಲ್ಲಿರುವ ಭಾವಮೈದನ ಮನೆಯಿಂದ ಅವನ ಎಸ್‌ಎಂಪಿಎಸ್ ಬಿಚ್ಚಿಕೊಂಡು ಬಂದೆ. ಅವನು ಗೊಣಗಿದ, ಇರಲಿ. ಕ್ಯಾಬಿನೆಟ್‌ಗೆ ಕೂರಿಸದೆ ಪಕ್ಕದಲ್ಲಿಟ್ಟೇ 24 ಪಿನ್ ಪ್ಲಗ್ಗನ್ನೂ ಪ್ರೊಸೆಸರ್ ಹತ್ತಿರದ 4 ಪಿನ್ ಪ್ಲಗ್ಗನ್ನೂ ಹಾಕಿದೆ. ಈ ಚಿಕ್ಕದನ್ನು ಮರೆತರೆ ಫ್ಯಾನ್ ತಿರುಗಿದರೂ ಸ್ಕ್ರೀನ್ ಬರುವುದಿಲ್ಲ. ಬಟನ್ ಒತ್ತಿದ ತಕ್ಷಣ ಬೀಪ್ ಕೇಳಿಸಿತು.

ಆಗ ಬೆಳಗಿನ ಹಟದ ಗುಟ್ಟೂ ತಿಳಿಯಿತು. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್‌ಗಳು, ಅಂದರೆ ಕರೆಂಟನ್ನು ತುಂಬಿಟ್ಟುಕೊಂಡು ಸಮವಾಗಿ ಕೊಡುವ ಪುಟ್ಟ ಡಬ್ಬಿಗಳು, ವರ್ಷಗಳು ಕಳೆದಂತೆ ಒಣಗುತ್ತವೆ. ಒಣಗಿದ್ದು ತಣ್ಣಗಿದ್ದಾಗ ಇನ್ನೂ ಕಡಿಮೆ ಕೆಲಸ ಮಾಡುತ್ತದೆ, ಸ್ವಲ್ಪ ಬಿಸಿಯಾದರೆ ಹೇಗೋ ನಿಭಾಯಿಸುತ್ತದೆ. ಅಂಗಡಿ ಮುಚ್ಚುವಾಗ ಗೋಡೆ ಸ್ವಿಚ್ ಆಫ್ ಮಾಡುವುದು ನನ್ನ ಅಭ್ಯಾಸ. ಇಡೀ ರಾತ್ರಿ ಚಳಿಯಲ್ಲಿ ತಣ್ಣಗಾಗಿ ಬೆಳಿಗ್ಗೆ ಮೊಂಡು ಬೀಳುತ್ತಿತ್ತು. ಮಧ್ಯಾಹ್ನ ಆ ಸ್ವಿಚ್ ಆನ್ ಇರುತ್ತಿದ್ದದ್ದರಿಂದ ಬೆಚ್ಚಗೇ ಇರುತ್ತಿತ್ತು.

ಸೋಮವಾರ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಹೊಸ ಎಸ್‌ಎಂಪಿಎಸ್ ತಂದೆ. ಹಳೆಯದರ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಒಂದು ಕೆಪಾಸಿಟರ್‌ನ ತಲೆ ಪೂರಿಯಂತೆ ಉಬ್ಬಿತ್ತು. ಬಿಚ್ಚಿ ಅದೊಂದನ್ನೇ ಬದಲಿಸುವವರೂ ಇದ್ದಾರೆ. ನಾನು ಕೈ ಹಾಕಲಿಲ್ಲ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಮುಂದಿನ ವಾರ ರಿಪೇರಿ ಹುಡುಗ ಜೆರಾಕ್ಸ್‌ಗೆ ಬಂದಾಗ 4.1ರ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ಲಗ್ ಹಾಕ್ಕೊಂಡೇ ಅಳುದ್ರಾ ಸಾ?" ಅಂತ ಕೇಳಿದ.