ಹೆಪ್ಪು ಕೂರುವ ತನಕ

ನನ್ನ ಕೆಳಗಿನ ಎರಡೂ ಬುದ್ಧಿಹಲ್ಲು ಕೀಳಿಸಿದ್ದೇನೆ. ಎಡಗಡೆಯದು ಮೊದಲು, ಬಲಗಡೆಯದು ಎರಡು ವರ್ಷ ಬಿಟ್ಟು. ಮೊದಲನೆಯದಕ್ಕೆ ಹತ್ತು ದಿನ ನರಳಿದೆ. ಎರಡನೆಯದಕ್ಕೆ ನಾಲ್ಕನೇ ದಿನ ಕೆಲಸಕ್ಕೆ ಹೋದೆ. ಎರಡೂ ಹೆಚ್ಚುಕಡಿಮೆ ಒಂದೇ ಥರ ಅಡ್ಡ ಮಲಗಿದ್ದ ಹಲ್ಲುಗಳೇ. ವ್ಯತ್ಯಾಸ ಇದ್ದಿದ್ದು ಕಿತ್ತ ಮೇಲೆ ನಾನು ಏನು ಮಾಡಿದೆ ಅನ್ನೋದರಲ್ಲಿ.

ಮೊದಲನೇ ಸಲದ ಕಥೆ ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ. ಮೈಸೂರಲ್ಲಿ ಕೀಳಿಸಿಕೊಂಡು ಮಂಡ್ಯಕ್ಕೆ ಬಸ್ಸು ಹತ್ತಿದೆ. ಹತ್ತಿಯನ್ನು ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ, ಉಗುಳಬೇಡಿ ಅಂತ ಡಾಕ್ಟರು ಹೇಳಿದ್ದರು. ಬಾಯಲ್ಲಿ ಎಂಜಲು ತುಂಬಿದರೆ ನುಂಗೋಕೆ ಅಸಹ್ಯ, ಅದರಲ್ಲೂ ಕೆಂಪಗಿರೋದು. ಬಸ್‌ಸ್ಟ್ಯಾಂಡಲ್ಲೇ ಹತ್ತಿ ತೆಗೆದು ಎಸೆದೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಕಿಟಕಿಯಿಂದ ನಾಲ್ಕು ಸಲ ಉಗುಳಿದ್ದೆ. ಮಂಡ್ಯದಲ್ಲಿ ಇಳಿದವನೇ, ತಂಪಲ್ವಾ ಅಂತ ಒಂದು ಎಳನೀರು ಕೊಚ್ಚಿಸಿ, ಸ್ಟ್ರಾ ಹಾಕಿ ಚೆನ್ನಾಗಿ ಎಳೆದು ಕುಡಿದೆ. ಮಾರನೇ ದಿನ ಸಂಜೆ ನೋವು ಕಡಿಮೆ ಇತ್ತು. ಒಂದೇ ಒಂದು ಸಿಗರೇಟು ಸೇದಿದೆ.

ಮೂರನೇ ದಿನ ರಾತ್ರಿ ಶುರುವಾಯಿತು. ಅದು ಹಲ್ಲು ನೋವಲ್ಲ, ಇನ್ನೇನೋ. ದವಡೆಯಿಂದ ಹೊರಟು ಕಿವಿಯೊಳಗೆ ಹೋಗಿ ಕೂತು ಅಲ್ಲೇ ಕುಟ್ಟುತ್ತಿತ್ತು. ಮಾತ್ರೆ ಎರಡು ಗಂಟೆ ತಡೆಯುತ್ತಿತ್ತು, ಅಷ್ಟೇ. ಬಾಯಿಂದ ಒಂಥರಾ ಕೊಳೆತ ವಾಸನೆ. ಮೊಬೈಲ್ ಟಾರ್ಚ್ ಹಿಡಿದು ಕನ್ನಡಿ ಮುಂದೆ ನಿಂತೆ. ಹಲ್ಲಿದ್ದ ಜಾಗದಲ್ಲಿ ಖಾಲಿ ಗುಂಡಿ, ತಳದಲ್ಲಿ ಬೂದುಬಿಳಿ ಮೂಳೆ. ಅಷ್ಟೊತ್ತಿಗೆ ಅವ್ವ ಲವಂಗ ಜಜ್ಜಿ ತಂದಳು. ಅದನ್ನು ಇಟ್ಟುಕೊಂಡು ವಸಡೂ ಉರಿಸಿಕೊಂಡೆ.

ಬೆಳಿಗ್ಗೆ ಡಾಕ್ಟರು ನೋಡಿದ ತಕ್ಷಣ ಡ್ರೈ ಸಾಕೆಟ್ ಅಂದರು. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂಳೆಗೂ ನರಕ್ಕೂ ಮುಚ್ಚಳ ಆಗಿರುತ್ತೆ. ಅದು ಕಿತ್ತುಬಂದರೆ ಮೂಳೆ ಬೆತ್ತಲೆ. ಸಾಮಾನ್ಯವಾಗಿ ಮೂರನೇ ದಿನದ ಸುಮಾರಿಗೆ ಗೊತ್ತಾಗುತ್ತೆ. ಕೆಳಗಿನ ಬುದ್ಧಿಹಲ್ಲಿನಲ್ಲಿ ಇದು ಜಾಸ್ತಿ, ಸಿಗರೇಟು ಸೇದುವವರಲ್ಲಿ ಇನ್ನೂ ಜಾಸ್ತಿ. ಉಗುಳಿದ್ದೋ, ಸ್ಟ್ರಾನೋ, ಸಿಗರೇಟೋ, ಯಾವುದರಿಂದ ಆಯ್ತು ಅಂತ ಕೇಳಿದೆ. "ನೀವು ಒಂದನ್ನೂ ಬಿಟ್ಟಿಲ್ವಲ್ಲ ಸಾರ್" ಅಂದರು. ಗುಂಡಿ ತೊಳೆದು ಲವಂಗದೆಣ್ಣೆ ವಾಸನೆಯ ಔಷಧಿ ಪಟ್ಟಿ ತುಂಬಿದರು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಅವತ್ತು ಆಸ್ಪತ್ರೆ ಬೆಂಚಿನ ಮೇಲೇ ಕೂತು ನಿದ್ದೆ ಮಾಡಿದ್ದೇನೆ. ಎರಡು ದಿನಕ್ಕೊಮ್ಮೆ ಪಟ್ಟಿ ಬದಲಿಸಿ, ಮೂರು ಸಲಕ್ಕೆ ಮುಗಿಯಿತು.

ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಒಂದೇ ಮಾತಲ್ಲಿ ಮುಗಿಸಿದಳು: "ಹೆಪ್ಪಾಕಿದ್ ಪಾತ್ರೆ ಯಾರಾದ್ರೂ ಅಲ್ಲಾಡುಸ್ತಾರೇನ್ಲಾ?"

ಎರಡನೇ ಹಲ್ಲು ಕೀಳಿಸುವಾಗ ನನ್ನ ತಲೆಯಲ್ಲಿ ಇದ್ದಿದ್ದು ಈ ಮಾತೊಂದೇ.

ಈ ಸಲ ಹೋಗುವ ಮುಂಚೆಯೇ ಕೆಲವು ವಿಷಯ ಹೇಳಿದೆ. ನನಗೆ ಬಿ.ಪಿ. ಮಾತ್ರೆ ಇದೆ, ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆ ಇರುವವರು ಅದನ್ನೂ ಹೇಳಲೇಬೇಕು, ಸಕ್ಕರೆ ಏರಿದ್ದರೆ ಗಾಯ ಮಾಯೋದು ನಿಧಾನ. ನಮ್ಮ ಮಾವ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಹಲ್ಲು ಕೀಳಿಸಬೇಕು ಅಂತ ರಕ್ತ ತೆಳು ಮಾಡೋ ಮಾತ್ರೆಯನ್ನು ತಾವೇ ನಿಲ್ಲಿಸೋಕೆ ಹೊರಟಿದ್ದರು. ಹಲ್ಲಿನ ಡಾಕ್ಟರೇ ತಡೆದು, ಹೃದಯದ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ ಅಂದರು.

ಹತ್ತಿಯನ್ನು ಈ ಸಲ ಗಡಿಯಾರ ನೋಡಿಕೊಂಡು ಒಂದು ಗಂಟೆ ಕಚ್ಚಿದ್ದೆ. ಮಧ್ಯೆ ತೆಗೆದು ನೋಡಲಿಲ್ಲ. ಎಂಜಲು ನುಂಗಿದೆ. ಮೊದಲ ದಿನ ಎಂಜಲು ನಸುಗೆಂಪಾಗಿ ಇರುತ್ತೆ, ಒಂದು ಹನಿ ರಕ್ತಕ್ಕೆ ಬಾಯಿ ತುಂಬ ಕೆಂಪು ಕಾಣುತ್ತೆ, ಗಾಬರಿ ಬೇಡ. ನಿಜವಾಗಿ ಒಸರುತ್ತಿದ್ದರೆ ಹೊಸ ಹತ್ತಿ ಮಡಚಿಟ್ಟು ಮತ್ತೆ ಅರ್ಧ ಗಂಟೆ ಕಚ್ಚಬೇಕು. ಆಗಲೂ ನಿಲ್ಲದಿದ್ದರೆ ರಾತ್ರಿ ಅಂತ ನೋಡದೆ ಆಸ್ಪತ್ರೆಗೆ ಹೋಗಬೇಕು. ನೋವಿನ ಮಾತ್ರೆಯನ್ನು ಜೋಮು ಬಿಡುವ ಮೊದಲೇ, ಡಾಕ್ಟರು ಹೇಳಿದ ಹೊತ್ತಿಗೆ ನುಂಗಿದೆ. ಜೋಮು ಇರುವ ತನಕ ಏನೂ ತಿನ್ನಲಿಲ್ಲ. ಕಳೆದ ಸಲ ಗೊತ್ತಾಗದೆ ಕೆನ್ನೆ ಒಳಗಡೆ ಕಚ್ಚಿಕೊಂಡಿದ್ದೆ.

ಟವಲಿನಲ್ಲಿ ಐಸ್ ಸುತ್ತಿ ಕೆನ್ನೆಗೆ ಹದಿನೈದು ನಿಮಿಷ ಇಡೋದು, ಹದಿನೈದು ನಿಮಿಷ ಬಿಡೋದು. ಇದು ಮೊದಲ ದಿನಕ್ಕೆ. ಎರಡು ದಿಂಬು ಹಾಕಿ ತಲೆ ಎತ್ತರ ಮಾಡಿ ಮಲಗಿದೆ. ಆದರೂ ಎರಡನೇ ದಿನ ಕೆನ್ನೆ ಊದಿತು. ಎರಡು ಮೂರು ದಿನ ಊತ ಏರಿ ಆಮೇಲೆ ಇಳಿಯೋದು ಸಹಜ.

ಬಾಯಿ ಮುಕ್ಕಳಿಸೋದು ಮೊದಲ 24 ಗಂಟೆ ಪೂರ್ತಿ ಬಂದ್. ಆಮೇಲೆ ಉಗುರುಬೆಚ್ಚಗಿನ ನೀರು ಒಂದು ಲೋಟಕ್ಕೆ ಅರ್ಧ ಚಮಚ ಉಪ್ಪು, ದಿನಕ್ಕೆ ನಾಲ್ಕೈದು ಸಲ. ನಮ್ಮಲ್ಲಿ ಮುಕ್ಕಳಿಸೋದು ಅಂದರೆ ಗಳಗಳ ಸದ್ದು ಮಾಡಿ ಫೂ ಅಂತ ಉಗಿಯೋದೇ ಅಲ್ವಾ? ನಾನು ಹಾಗೆ ಮಾಡಲಿಲ್ಲ. ನೀರು ತುಂಬಿಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಬಾಯಿ ತೆರೆದು ಬಚ್ಚಲಿಗೆ ಸುಮ್ನೆ ಬೀಳಲು ಬಿಡುತ್ತಿದ್ದೆ. ಬ್ರಷ್ ಉಳಿದ ಹಲ್ಲಿಗೆ ಮಾತ್ರ, ಗಾಯದ ಹತ್ತಿರ ಹೋಗಲಿಲ್ಲ.

ಊಟದ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಮುದ್ದೆಯನ್ನು ನುಂಗೋದು, ಅಗಿಯೋದಲ್ಲ. ಆದರೆ ಬಿಸಿ ಮುದ್ದೆ, ಖಾರದ ಉಪ್ಪುಸಾರು ಎರಡೂ ಗಾಯಕ್ಕೆ ಆಗಲ್ಲ. ಮೊದಲ ದಿನ ಆರಿದ ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕುಡಿದೆ. ಎರಡನೇ ದಿನ ನುಣ್ಣಗೆ ಕಿವುಚಿದ ಮೊಸರನ್ನ. ಮೂರನೇ ದಿನ ಮೆತ್ತಗೆ ತಿರುವಿದ, ಬೆಚ್ಚಗಿನ ಮುದ್ದೆ, ಖಾರವಿಲ್ಲದ ಬೇಳೆಕಟ್ಟು, ಇನ್ನೊಂದು ಕಡೆಯಿಂದ. ಎಳನೀರನ್ನೂ ಬಿಡಲಿಲ್ಲ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ. ಕೊಚ್ಚುವವನು ಅಭ್ಯಾಸಬಲದಲ್ಲಿ ಸ್ಟ್ರಾ ಚುಚ್ಚಿಯೇ ಕೊಟ್ಟ, ತೆಗೆದು ಅವನ ಕೈಗೇ ಕೊಟ್ಟೆ. ಸಿಗರೇಟು ಪೂರ್ತಿ ಒಂದು ವಾರ ಬಂದ್. ಎಲೆ ಅಡಿಕೆ ಹಾಕುವವರಿಗೂ ಇದೇ ಮಾತು.

ಕಷ್ಟ ಆಗಿದ್ದು ಬೇರೆ ಕಡೆ. ಕೀಳಿಸಿದ್ದು ಸಂಕ್ರಾಂತಿಗೆ ಮೂರು ದಿನ ಮುಂಚೆ. ಬೇರೆ ದಿನ ಸಿಕ್ಕಿರಲಿಲ್ಲ. ಮಂಡ್ಯದಲ್ಲಿ ಸಂಕ್ರಾಂತಿ ದಿನ ಕಬ್ಬು ಸಿಗಿಯದ ಗಂಡಸು ಅಂದರೆ ನೋಡುವವರಿಗೆ ತಮಾಷೆ. ಎಳ್ಳು ಬೀರೋಕೆ ಬಂದವರೆಲ್ಲ ತಟ್ಟೆ ಮುಂದೆ ಹಿಡಿದರು. ಎಳ್ಳಿನ ಕಾಳು ಗುಂಡಿಗೆ ಸೇರಿಕೊಂಡರೆ ತೆಗೆಯೋದು ಹೇಗೆ? ಹುರಿಗಡಲೆ, ಕಡಲೆಬೀಜದ ಚೂರು ಕೂಡ ಅಷ್ಟೇ. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತಾರೆ. ನನಗೆ ತಿನ್ನೋಕೂ ಆಗಲಿಲ್ಲ, ಮಾತಾಡೋಕೂ ಆಗಲಿಲ್ಲ. ನನ್ನಾಕೆ ನನ್ನ ಪಾಲನ್ನು ಒಂದು ಡಬ್ಬಕ್ಕೆ ಹಾಕಿ ಎತ್ತಿಟ್ಟಳು.

ನಾಲ್ಕನೇ ದಿನ ಒಂದು ಸಲ ಎದೆ ಧಸಕ್ಕೆಂದಿತು. ಗುಂಡಿಯ ಮೇಲೆ ಬಿಳಿ ಪದರ. ಕೀವು ಅಂದುಕೊಂಡು ಫೋಟೊ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡಿದೆ. ನೋವು ನಿನ್ನೆಗಿಂತ ಕಡಿಮೆಯೋ ಜಾಸ್ತಿಯೋ ಅಂತ ಕೇಳಿದರು. ಕಡಿಮೆ ಅಂದೆ. ಹಾಗಾದರೆ ಅದು ಗಾಯ ಮಾಯುವ ಪದರ, ಕೆರೆಯಬೇಡಿ ಅಂದರು. ನೋವು ದಿನದಿನಕ್ಕೆ ಇಳಿಯುತ್ತಿದ್ದರೆ ಸರಿ ಹೋಗ್ತಿದೆ ಅಂತ ಲೆಕ್ಕ. ಇಳಿದು ಮತ್ತೆ ಏರಿದರೆ, ವಾಸನೆ ಬಂದರೆ ತೋರಿಸಬೇಕು. ಜ್ವರ ಬಂದು, ಊತ ಕತ್ತಿನ ಕಡೆ ಇಳಿದು, ನುಂಗೋಕೆ ಅಥವಾ ಉಸಿರಾಡೋಕೆ ಕಷ್ಟ ಆದರೆ ಬೆಳಗಾಗಲಿ ಅಂತ ಕಾಯೋ ಹಾಗೇ ಇಲ್ಲ, ತಕ್ಷಣ ಹೊರಡಬೇಕು.

ಏಳನೇ ದಿನ ಹೊಲಿಗೆ ಬಿಚ್ಚಿದರು. ಗುಂಡಿ ತುಂಬೋಕೆ ಮಾತ್ರ ತಿಂಗಳ ಮೇಲೆ ಹಿಡಿಯಿತು, ಒಳಗಿನ ಮೂಳೆ ತುಂಬೋಕೆ ಇನ್ನೂ ಕೆಲವು ತಿಂಗಳು ಬೇಕಂತೆ. ಅಲ್ಲಿಯವರೆಗೆ ಅನ್ನದ ಅಗುಳು ಸಿಕ್ಕಿಹಾಕಿಕೊಳ್ಳುತ್ತಿತ್ತು. ಡಾಕ್ಟರೇ ಸೂಜಿ ಇಲ್ಲದ ಸಿರಿಂಜ್ ಒಂದನ್ನು ಕೊಟ್ಟಿದ್ದರು, ವಾರ ಕಳೆದ ಮೇಲೆ ಅದರಲ್ಲಿ ಬೆಚ್ಚಗಿನ ಉಪ್ಪುನೀರು ಬಿಟ್ಟು ತೊಳೆಯುತ್ತಿದ್ದೆ.

ಎತ್ತಿಟ್ಟಿದ್ದ ಎಳ್ಳಿನ ಡಬ್ಬ ತೆಗೆದಿದ್ದು ಫೆಬ್ರವರಿ ಕೊನೆಗೆ. ಕೊಬ್ಬರಿ ಕಮಟು ಹಿಡಿದಿತ್ತು. ಅದನ್ನು ಆರಿಸಿ ಹಾಕಿ, ಬೆಲ್ಲದ ಚೂರಿನ ಜೊತೆ ಮಿಕ್ಕಿದ್ದನ್ನು ಬಲಗಡೆಯಿಂದಲೇ ಅಗಿದು ತಿಂದೆ.